ಎಡಗೈ ಮೊದಲು

"ನಿಲ್ಸಿ, ನಿಲ್ಸಿ. ಈಗ ಯಾವ ಕೈ ಎತ್ತಿದ್ರಿ?"

ಶವಪೆಟ್ಟಿಗೆಯ ಮುಂದೆ ಸಾಲಾಗಿ ನಿಂತು ತಾಯ್ ಚಿ ವರಸೆ ಶುರು ಮಾಡಿದ್ದ ಶಿಷ್ಯರೆಲ್ಲ ಎಡಗೈ ಎತ್ತಿದ ಹಾಗೇ ನಿಂತುಬಿಟ್ಟರು. ಕೂಗಿದವಳು ಫಾಂಗ್ ಸುಹ್ವಾ. ಪಕ್ಕದ ಜಿಲ್ಲೆಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಮುದುಕಿ, ಈ ವರಸೆ ಯಾರ ಹೆಸರಿನಲ್ಲಿದೆಯೋ ಆ ಫಾಂಗ್ ಗುರುವಿನ ಮಗಳು. ಸತ್ತವನು ಖಾಂಗ್ ಬಾವ್‌ಕ್ವೇ, ನಮ್ಮ ಓಣಿಯ ತುದಿಯಲ್ಲಿ ಎಳ್ಳುರೊಟ್ಟಿ ಸುಡುತ್ತಿದ್ದವನು. ಒಲೆ ಹೊತ್ತಿಸುವ ಮುಂಚೆ ದಿನಾ ಬೆಳಗ್ಗೆ ಕೇಳಿದವರಿಗೆಲ್ಲ ಬಿಟ್ಟಿಯಾಗಿ ವರಸೆ ಹೇಳಿಕೊಡುತ್ತಿದ್ದ.

"ನಮ್ಮ ಗರಡೀಲಿ ಎಡಗೈ ಮೊದಲು, ಅಕ್ಕ," ಎಂದ ದೂ ಲಿಯಾಂಗ್. ಹಿರಿಯ ಶಿಷ್ಯ. ಆಯುಷ್ಯವೆಲ್ಲ ಬಸ್ಸು ಓಡಿಸಿ, ಈಗಲೂ ಹಿಂದಕ್ಕೆ ಸರೀರಿ ಎನ್ನುವ ದನಿಯಲ್ಲೇ ಮಾತಾಡುವವನು. "ನಿಮ್ಮ ಕಡೆಯೋರು ಬಲಗೈ ಎತ್ತೋದು ಗೊತ್ತು. ಇದು ಗುಟ್ಟಿನ ವಿದ್ಯೆ. ನಿಮ್ಮ ತಂದೆಯವರು ನಮ್ಮ ಮೇಷ್ಟ್ರೊಬ್ಬರಿಗೇ ಕೊಟ್ಟಿದ್ದು."

"ಮಗಳಿಗೆ ಕೊಡದೆ ರೊಟ್ಟಿಯವನಿಗೆ ಕೊಟ್ರು ಅನ್ನು."

"ಬೇಜಾರು ಮಾಡ್ಕೋಬೇಡಿ. ಕೊಡೋರು ಯಾರಿಗೆ ಕೊಡ್ತಾರೆ ಅಂತ ಹೇಳಕ್ಕಾಗುತ್ತಾ?"

ಅವಳನ್ನು ಕರೆಸಿದ್ದೇ ದೂ. ಪೆಟ್ಟಿಗೆಯ ಮುಂದೆ ಅವನೇ ಬರೆಸಿ ಕಟ್ಟಿದ ಬಿಳಿ ಬಟ್ಟೆಯಿತ್ತು: 'ಫಾಂಗ್ ಗುರುವಿನ ನೇರ ಶಿಷ್ಯ'. ಗುರುವಿನ ಮಗಳೇ ಬಂದು ಅದರ ಮುಂದೆ ತಲೆಬಾಗಿದರೆ ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಬಾವ್‌ಕ್ವೇಯ ಒಬ್ಬಳೇ ಮಗಳು ಯಾಚಿನ್‌ಗೂ ಅದೇ ಬೇಕಿತ್ತು. ಹಿಟ್ಟಿನ ಕೈಯವನೆಂದು ಪೇಟೆಯ ಗರಡಿಗಳು ಅಪ್ಪನನ್ನು ಹೊಸಿಲು ದಾಟಿಸಿರಲಿಲ್ಲ. ಮಣ್ಣಿಗೆ ಹೋಗುವಾಗಲಾದರೂ ಆ ಹೆಸರು ಅವನದಾಗಲಿ ಎಂಬುದು ಅವಳ ಆಸೆ.

"ಆಗಲಿ, ಮಾಡಿ. ನೋಡ್ತೀನಿ," ಎಂದಳು ಮುದುಕಿ.

ಅವರು ಮುಂದುವರಿಸಿದರು. ಫಾಂಗ್ ವರಸೆಯೆಂದರೆ ಅಂಗಳದ ಈ ಕೊನೆಯಿಂದ ಆ ಕೊನೆಗೆ ಹೋಗುವಂಥದ್ದು. ಇವರು ಮೂರು ಹೆಜ್ಜೆ ಇಟ್ಟು, ಗೋಡೆ ಅಡ್ಡ ಬಂದವರಂತೆ ತಿರುಗುತ್ತಿದ್ದರು. ಮತ್ತೆ ಮೂರು, ಮತ್ತೆ ತಿರುವು. ಮುದುಕಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಎರಡೂ ಅಂಗೈಯನ್ನು ಬಾಯಿಯ ಹತ್ತಿರ ತಂದು ಹಾ ಎಂದು ಊದಿದರು. ಚಳಿಗೆ ಆವಿ ಎದ್ದಿತು.

"ಇದೇನಿದು?"

"ಅಮರನ ಕೊಳಲು. ಪ್ರಾಣವನ್ನ ಬೆರಳಿಗೆ ಕಳಿಸೋ ಪಟ್ಟು," ಎಂದು ದೂ ಎದೆಯುಬ್ಬಿಸಿದ. "ಬೇರೆ ಯಾವ ಗರಡೀಲೂ ಇಲ್ಲ."

ಮುದುಕಿ ಹೋಗಿ ಹೊಸಿಲ ಮೇಲೆ ಕೂತಳು.

*

ಹಳೆಯ ವಿದ್ಯೆಗಳನ್ನೆಲ್ಲ ಅಳಿಸಿಹಾಕಬೇಕೆಂದು ಊರೂರೇ ಎದ್ದ ಆ ಗದ್ದಲದ ವರ್ಷಗಳಲ್ಲಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಫಾಂಗ್ ಗುರುವನ್ನು ಎಳೆದೊಯ್ದು ಕಾಳಿನ ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದರು. ಒಲೆಯಿಲ್ಲದ ಕೋಣೆ. ಹದಿನಾರರ ಸುಹ್ವಾ ಹತ್ತಿ ತುಂಬಿ ಕೈಗವಸು ಹೊಲಿದು ತಂದಳು. ಬಾಗಿಲಲ್ಲಿ ಕಾವಲಿಗೆ ಒಬ್ಬನೇ ಹುಡುಗ, ಕಣ್ಣಷ್ಟೇ ಕಾಣುವಂತೆ ಮಫ್ಲರು ಸುತ್ತಿಕೊಂಡವನು.

"ಅಣ್ಣಾ, ಇದೊಂದು ಒಳಗೆ ಕೊಡು."

"ಏನೂ ಕೊಡೋ ಹಾಗಿಲ್ಲ."

"ಅವರ ಬೆರಳು ಸೆಟೆದುಹೋಗುತ್ತೆ."

"ಹೋಗಮ್ಮ. ಕೊಟ್ರೆ ನನ್ನನ್ನೂ ಒಳಗೆ ಹಾಕ್ತಾರೆ."

ಅವನು ಮತ್ತೆ ಕೋಣೆಯ ಕಿಟಕಿಗೆ ಮುಖ ಮಾಡಿ ಒಳಗೆ ನೋಡುತ್ತ ನಿಂತ. ಚಳಿಗಾಲ ಮುಗಿಯುವ ಮೊದಲೇ ಗುರುವಿನ ಹೆಣ ತಳ್ಳುಗಾಡಿಯಲ್ಲಿ ಮನೆಗೆ ಬಂತು.

*

"ಅಪ್ಪನ ಶಿಷ್ಯರೆಲ್ಲ ಬೆನ್ನ ಹಿಂದೆ ನಿಂತು ಕಲಿತೋರು. ನಾನೂ ಅಷ್ಟೇ," ಎಂದಳು ಮುದುಕಿ, ಆ ಕಾವಲಿನ ಕತೆ ಹೇಳಿ ಮುಗಿಸಿ. "ಅವರ ಬಲಗೈ ನಮಗೂ ಬಲಗೈ. ಎದುರಿಗೆ ನಿಂತು ನೋಡ್ತಾ ಮಾಡಿದೋನಿಗೆ ಮಾತ್ರ ಅದು ಎಡಗೈ ಆಗೋದು. ಆ ಚಳಿಗಾಲ ಅವರ ಎದುರಿಗೆ ಇದ್ದೋನು ಕಾವಲಿನ ಹುಡುಗ ಒಬ್ಬನೇ. ಕೋಣೆ ಮೂರೇ ಹೆಜ್ಜೆ ಇತ್ತು."

"ಮತ್ತೆ ಅಮರನ ಕೊಳಲು?" ದೂ ಲಿಯಾಂಗನ ದನಿ ಇಳಿದುಹೋಗಿತ್ತು.

"ಅದು ಪಟ್ಟಲ್ಲಪ್ಪ. ಚಳಿ ತಾಳಲಾರದೆ ಕೈ ಬಿಸಿ ಮಾಡ್ಕೊಂಡಿದ್ದು. ಪೆಟ್ಟಿಗೇಲಿ ಮಲಗಿರೋ ಇವನು ಅದನ್ನೂ ಬಿಡದೆ ಕಲಿತಿದ್ದಾನೆ."

ಅಂಗಳದ ಮೂಲೆಯಲ್ಲಿ ಊದುತ್ತಿದ್ದ ಓಲಗದವನು ಬಾಯಿಂದ ವಾದ್ಯ ತೆಗೆದ. ಯಾಚಿನ್‌ಗೆ ಅಪ್ಪನ ಮಾತು ನೆನಪಾಯಿತು. ಯಾರು ಕಲಿಸಿದ್ದು ಎಂದು ಕೇಳಿದಾಗಲೆಲ್ಲ ಅಪ್ಪ "ಫಾಂಗ್ ಗುರು. ನೋಡಿ ಕಲಿತೆ" ಎನ್ನುತ್ತಿದ್ದ. ಮೇಷ್ಟ್ರೇ ಎಂದು ಕರೆದರೆ ಕಿವಿ ಕೇಳದವನಂತೆ ಹಿಟ್ಟು ನಾದುತ್ತಿದ್ದ. ಓಣಿಯವರೆಲ್ಲ ಅದನ್ನು ವಿನಯ ಎಂದುಕೊಂಡಿದ್ದರು, ಅವಳೂ ಕೂಡ. ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು. ಪೆಟ್ಟಿಗೆಯಲ್ಲಿ ಮಲಗಿದವನ ಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಅವಳು ಹೋಗಿ ಬಿಳಿ ಬಟ್ಟೆಯ ಗಂಟು ಬಿಚ್ಚತೊಡಗಿದಳು.

"ಯಾಚಿನ್, ಏನ್ ಮಾಡ್ತಿದ್ದೀಯ? ಊರೆಲ್ಲ ನೋಡ್ತಿದೆ."

"ನೋಡ್ಲಿ ಬಿಡಿ, ದೂ ಅಣ್ಣ. ಇದು ಸುಳ್ಳು."

ಬಟ್ಟೆಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮುದುಕಿಯ ಮುಂದೆ ನಿಂತಳು. "ದೊಡ್ಡಮ್ಮ, ವರಸೆ ಅರ್ಧಕ್ಕೆ ನಿಂತಿದೆ. ಅದು ನಿಮ್ಮಪ್ಪನದು. ನೀವು ಬೇಡ ಅಂದ್ರೆ ಹೀಗೇ ಎತ್ತಿಸಿಬಿಡ್ತೀನಿ."

ಮುದುಕಿ ಪೆಟ್ಟಿಗೆಯ ಕಡೆ ತಿರುಗಿದಳು. ಹೊರಲು ಬಂದವರು ಹಗ್ಗ ಹಿಡಿದು ಕಾಯುತ್ತಿದ್ದರು.

"ಆ ಚಳಿಗಾಲ ಅಪ್ಪ ಹೇಗಿದ್ರು ಅಂತ ನಾನು ನೋಡ್ಲಿಲ್ಲ," ಎಂದಳು. "ನೋಡಿದೋನು ಇವನೇ. ಮಾಡು."

ಮಿಕ್ಕ ಶಿಷ್ಯರು ತಲೆತಗ್ಗಿಸಿ ಸರಿದು ನಿಂತರು. ಯಾಚಿನ್ ಒಬ್ಬಳೇ ಬಿಟ್ಟಲ್ಲಿಂದ ಶುರು ಮಾಡಿದಳು. ಮುದುಕಿ ಗೋಡೆ ಹಿಡಿದು ಎದ್ದು, ಅವಳಿಗೆ ಎದುರಾಗಿ ಬಂದು ನಿಂತಳು. ಯಾಚಿನ್‌ಳ ಎಡಗೈ ಎದ್ದಾಗ ಮುದುಕಿಯ ಬಲಗೈ ಎದ್ದಿತು. ಒಬ್ಬಳು ಎಡಕ್ಕೆ ವಾಲಿದಾಗ ಇನ್ನೊಬ್ಬಳು ಬಲಕ್ಕೆ ವಾಲಿದಳು. ನಡುವೆ ಕಿಟಕಿಯಿದ್ದರೆ ಅದರ ಎರಡು ಬದಿಯಲ್ಲಿ ಹೀಗೇ ಕಾಣುತ್ತಿತ್ತೇನೋ. ಮೂರು ಹೆಜ್ಜೆಗೊಮ್ಮೆ ಮುದುಕಿಯೂ ತಿರುಗುತ್ತಿದ್ದಳು.

ಒಂದು ಕಾಲು ಮುಂದಿಟ್ಟು, ಕೈ ಎದೆಯ ಮಟ್ಟಕ್ಕೆ ಬಂದಲ್ಲಿ ಯಾಚಿನ್ ನಿಂತಳು.

"ಮುಂದೆ?" ಎಂದಳು ಮುದುಕಿ.

"ಇಲ್ಲಿಗೇ, ದೊಡ್ಡಮ್ಮ. ಅಪ್ಪನಿಗೆ ಬರ್ತಿದ್ದಿದ್ದು ಇಷ್ಟೇ. ಮುಂದಿನದು ನೋಡೋಕೆ ಸಿಗ್ಲಿಲ್ಲ ಅಂತಿದ್ದ."

ಫಾಂಗ್ ವರಸೆಯಲ್ಲಿ ಅದಾದ ಮೇಲೆ ಇನ್ನೂ ಬಹಳವಿದೆ. ಕೊನೆಗೆ ಕೈ ಇಳಿಸಿ, ಕಾಲು ಕೂಡಿಸಿ, ಉಸಿರು ಬಿಟ್ಟು ನಿಲ್ಲಬೇಕು. ಸುಹ್ವಾಗೆ ಅದು ನಿದ್ದೆಗಣ್ಣಲ್ಲೂ ಬರುತ್ತದೆ. ಅವಳು ಎತ್ತಿದ ಬಲಗೈ ಇಳಿಸಲಿಲ್ಲ. ಹೊರುವವರು ಹೆಗಲು ಕೊಟ್ಟು ಪೆಟ್ಟಿಗೆಯನ್ನು ಎತ್ತಿದರು. ಇಬ್ಬರ ಕೈಗಳೂ ಇನ್ನೂ ಗಾಳಿಯಲ್ಲೇ ಇದ್ದವು.