ತಲೆ ತೆಗೆದು ತಾ

ಸೇನೆಯ ಗುಪ್ತಚರ ವಿಭಾಗದಲ್ಲಿ ಹವಾಲ್ದಾರನಾಗಿ ನಿವೃತ್ತನಾದ ಪ್ರೇಮಾನಂದನಿಗೆ ಕಿರಿಮಂಜೇಶ್ವರದಲ್ಲಿ ಸುಮ್ಮನೆ ಕೂರಲು ಬರಲಿಲ್ಲ. ೨೦೧೦ರಲ್ಲಿ ಕರಾವಳಿ ಕಾವಲು ಸಮಿತಿ ಕೈಗೆ ಸಿಕ್ಕಿದ್ದೇ ತಡ, ದೋಣಿಯವರು, ಮೀನು ಮಾರುವ ಹೆಂಗಸರು, ಗೂಡಂಗಡಿಯವರು ಎಲ್ಲರ ಕಣ್ಣನ್ನೂ ಒಂದೇ ಬಲೆಗೆ ಹೆಣೆದ. ಸುದ್ದಿಯೆಲ್ಲ ಅವನ ಮೊಬೈಲಿಗೇ ಬರಬೇಕು, ಅದೂ ಗುಟ್ಟಿನ ಮಾತಿನಲ್ಲಿ. ಕಡಲಿಂದ ಬಂದ ಅಪರಿಚಿತನಿಗೆ ‘ಬಂಗಡೆ’ ಎನ್ನಬೇಕು. ಮೀನಿನೂರಲ್ಲಿ ಮೀನಿನ ಹೆಸರನ್ನೇ ಗುಟ್ಟು ಮಾಡಿದ ಜಾಣತನಕ್ಕೆ ಏನೆನ್ನಬೇಕೋ!

ಆವತ್ತು ಪರೀಕ್ಷೆ. ನೌಕಾಪಡೆಯ ನಾಲ್ವರು ವೈರಿಗಳ ವೇಷದಲ್ಲಿ ಎಲ್ಲೋ ದಡ ಹತ್ತುವವರಿದ್ದರು. ಮಧ್ಯಾಹ್ನ ಎರಡರೊಳಗೆ ಹಿಡಿಯದಿದ್ದರೆ ಸಮಿತಿ ರದ್ದು. ಹಾಗೆಂದ ಇನ್ಸ್‌ಪೆಕ್ಟರರೇ ಅವನ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ಒಳಗೆ ಹೆಂಡತಿ ವಿನಯಾ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. ಬಂಗಡೆ ತರುತ್ತೇನೆಂದ ಮೀನಿನ ವನಜಳ ಪತ್ತೆಯಿಲ್ಲ. ವೈರಿಯೂ ಇಲ್ಲ, ಮೀನೂ ಇಲ್ಲ; ಪ್ರೇಮಾನಂದನಿಗೆ ಅಳುವುದೊಂದು ಬಾಕಿ.

ಹನ್ನೆರಡೂವರೆಗೆ ಫೋನು ಬಂತು.

“ಹ್ವಾಯ್ ಪ್ರೇಮಣ್ಣ, ವನಜ. ನಾಲ್ಕ್ ಬಂಗ್ಡಿ ಸಿಕ್ಕಿತ್.”

“ಅಬ್ಬ! ತಾಜಾ ಇತ್ತಾ?”

“ಈಗಷ್ಟೇ ನೀರಿಂದ ಬಂದದ್ದ್. ಇನ್ನೂ ಸೋರ್ತಾ ಇತ್ತ್.”

“ಹಾಂಗಾರೆ ತಲೆ ತೆಗ್ದ್, ಹೊಟ್ಟಿ ಸೀಳಿ, ಬೇಗ ಮನಿಗ್ ತಕಂಡ್ ಬಾ.”



“ತಲಿ... ತೆಗೂಕಾ?”

“ಎಂತ ಹೊಸ್ತಾಗಿ ಕೇಂತೆ? ದಿನಾ ನೀನ್ ಮಾಡುದೇ ಅಲ್ದಾ?”

“ಇಂಥದ್ದನ್ನ್ ಇಲ್ಲಿವರಿಗೂ ಮಾಡ್ಲಿಲ್ಲೆ ಮಾರಾಯ್ರೆ!”

ಮೀನಿನವಳಿಗೆ ಇವತ್ತೇ ಕರುಣೆ ಬರಬೇಕೇ ಎಂದು ರೇಗಿ ಅವನು ಫೋನಿಟ್ಟ.

ಅರ್ಧ ಗಂಟೆಯಲ್ಲಿ ಅಂಗಳಕ್ಕೆ ಮೆರವಣಿಗೆ ಬಂತು. ಮುಂದೆ ವನಜ, ಕೈಯಲ್ಲಿ ಮೀನು ಕತ್ತರಿಸುವ ಕತ್ತಿ. ಹಿಂದೆ ನಾಲ್ಕು ಜನ ಗಟ್ಟಿ ಆಳುಗಳು, ತೊಯ್ದು ತೊಪ್ಪೆಯಾಗಿ, ಬಲೆಯ ಹಗ್ಗದಲ್ಲಿ ಸಾಲಾಗಿ ಬಿಗಿಸಿಕೊಂಡವರು. ಹಗ್ಗದ ತುದಿ ದೋಣಿಯ ಕರಿಯನ ಕೈಯಲ್ಲಿ.

ಇನ್ಸ್‌ಪೆಕ್ಟರರು ಎದ್ದೇ ನಿಂತರು. “ಭೇಷ್ ಹವಾಲ್ದಾರ್ರೇ! ಫೋನಲ್ಲಿ ಮೀನಿನ ಮಾತೇ ಆಡಿದ್ರಲ್ಲ, ನನಗೂ ಗೊತ್ತಾಗ್ಲಿಲ್ಲ!”

ತನಗೂ ಗೊತ್ತಾಗಿರಲಿಲ್ಲ ಎನ್ನುವಷ್ಟು ದಡ್ಡನಲ್ಲ ಪ್ರೇಮಾನಂದ. ಮೀಸೆ ತಿರುವಿದ. ಸಮಿತಿ ಉಳಿಯಿತು ಎಂದು ಜೀವ ಹಗುರಾಯಿತು.

ವನಜ ಮಾತ್ರ ಕತ್ತಿ ಕೆಳಗಿಡಲಿಲ್ಲ. “ಹೊಟ್ಟಿ ಸೀಳೂಕೆ ಮನ್ಸ್ ಬರ್ಲಿಲ್ಲೆ, ಪ್ರೇಮಣ್ಣ. ನೀವ್ ಇನ್ನೊಂದ್ ಸಲ ಹೇಳಿ, ಸಾಹೇಬ್ರ್ ಎದ್ರಿಗೇ.”

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ವಿನಯಾ ಕೂಗಿದಳು:

“ಬಂಗ್ಡಿ ಬಂತಾ? ಬೇಗ ಒಳ್ಗ್ ಕಳ್ಸಿ, ಎಣ್ಣಿ ಕಾದಿತ್!”

ನೌಕಾಪಡೆಯ ನಾಲ್ವರೂ ಹಗ್ಗದ ಸಮೇತ ಸಮುದ್ರದ ಕಡೆಗೆ ಓಟ ಕಿತ್ತರು.