ಗೇಟಿಗೆ ಸಿಕ್ಕಿಸಿದ ಬೇವಿನ ತಪ್ಪಲು

ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನನ್ನು ಕರೆದು, ಉಸಿರು ಹೇಗೆ ಎಳೆದುಕೊಳ್ಳಬೇಕೆಂದು ಹೇಳಿಕೊಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಬಂತು. ಬೈಲಹೊಂಗಲದ ಕಾಲೇಜಿನ ಗ್ರಂಥಾಲಯದಲ್ಲಿ, ಶನಿವಾರ ಮಧ್ಯಾಹ್ನ, ಮೊಣಕಾಲು ಹಿಡಿಸದ ಬೆಂಚಿನ ಮೇಲೆ ಕುಳಿತು ಸಿಟ್ಟು ಇಳಿಸುವ ತರಬೇತಿ ತೆಗೆದುಕೊಳ್ಳುವ ಗತಿ ನನಗೆ ಬಂದಿತ್ತು. ಕಲಿಸುವ ಅನ್ನಪೂರ್ಣಾ ಮೇಡಂಗೆ ನನ್ನ ತಂಗಿಯ ವಯಸ್ಸು. ಭಾವನೆಗಳನ್ನು ಗುರುತಿಸಿ ಪಳಗಿಸುವುದನ್ನು ಹೇಳಿಕೊಡುವುದು ಅವರ ಕಸುಬು. ಎಮ್ಮೆ ಪಳಗಿಸುವವರನ್ನು ಕಂಡಿದ್ದೆ, ಇಂಥವರನ್ನು ಕಂಡಿರಲಿಲ್ಲ.

ನಾನು ಇಮಾಮಹುಸೇನ. ಮನೋಳಿಯಿಂದ ಯರಗಟ್ಟಿ ಮೇಲೆ ಬೈಲಹೊಂಗಲಕ್ಕೆ ಆ ಕಾಲೇಜಿನ ಬಸ್ಸು ಓಡಿಸುತ್ತೇನೆ. ನನ್ನ ದೊಡ್ಡ ಮಗಳು ಮಹೇಕ್ ಅದೇ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ಬಾಗಿಲಿನಿಂದ ಮೂರನೇ ಸೀಟು ಅವಳದು, ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಯರಗಟ್ಟಿ ದಾಟಿದ ಮೇಲೆ ಬಿಳಿ ಕಾರೊಂದು ಬಸ್ಸಿನ ಮೂತಿಗೆ ಅಡ್ಡ ಬಂತು. ಬ್ರೇಕ್ ತುಳಿದೆ. ಮಕ್ಕಳು ಮುಗ್ಗರಿಸಿದರು. ಕಾರಿನವನು ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಸನ್ನೆ ಮಾಡಿ ಹೋದ. ಆಮೇಲೆ ನಡೆದದ್ದು ನನಗೆ ನೆನಪಿರುವುದಕ್ಕಿಂತ ಚೆನ್ನಾಗಿ ವಿಡಿಯೋದಲ್ಲಿದೆ, ಒಬ್ಬ ಹುಡುಗಿ ಮೊಬೈಲಿನಲ್ಲಿ ತೆಗೆದಿದ್ದಳು. ಮೂವತ್ತೆಂಟು ಮಕ್ಕಳನ್ನು ಹೊತ್ತುಕೊಂಡು ಮೂರು ಕಿಲೋಮೀಟರ್ ಆ ಕಾರನ್ನು ಬೆನ್ನಟ್ಟಿದ್ದೆ. ಅದರಲ್ಲಿ ಮಹೇಕ್‌ಳ ದನಿ ಇದೆ. "ಅಬ್ಬಾ, ನಿಲ್ಲಸ್ರಿ! ಅಬ್ಬಾ!" ಹನ್ನೊಂದು ಸಲ ಕೂಗಿದ್ದಾಳೆ. ಒಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ನಿಲ್ಲಿಸಿದ್ದು ಯಾಕೆ ಎಂದರೆ, ಮುಂದೆ ಗೊಬ್ಬರ ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಅದರ ಹಿಂದೆ, ಹತ್ತು ಮಾರು ದೂರದಲ್ಲಿ, ರಸ್ತೆಯ ಮೇಲೆ ಹಸಿ ಟೊಂಗೆ ಇಟ್ಟಿದ್ದರು. ನಮ್ಮ ಕಡೆಯ ಯಾವ ಡ್ರೈವರನ್ನೇ ಕೇಳಿ. ರಸ್ತೆಯಲ್ಲಿ ಹಸಿರು ತಪ್ಪಲು, ಅಂದರೆ ಎಲೆಯ ಟೊಂಗೆ, ಕಂಡರೆ ಮುಂದೆ ಗಾಡಿ ಕೆಟ್ಟಿದೆ ಎಂದು ಅರ್ಥ, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ನನ್ನ ಕಾಲೂ ಹೋಯಿತು. ಮಗಳ ಕೂಗಿಗೆ ನಿಲ್ಲದವನು ಟೊಂಗೆಗೆ ನಿಂತೆ.

ಕಾಲೇಜಿನ ಅಧ್ಯಕ್ಷರಾದ ನಿಜಗುಣಪ್ಪನವರು ಕರೆಸಿ ವಿಡಿಯೋ ತೋರಿಸಿದರು. "ತರಬೇತಿ ಮುಗಸು, ಇಲ್ಲಾ ಚಾವಿ ಇಟ್ಟು ಹೋಗು" ಎಂದರು. ಚಾವಿ ಹೋದರೆ ಇನ್ನೊಂದು ಸಿಕ್ಕೀತು. ನಾನು ಆ ಬೆಂಚಿನ ಮೇಲೆ ಕುಳಿತದ್ದು ಬೇರೆ ಕಾರಣಕ್ಕೆ. ಮರುದಿನದಿಂದ ಮಹೇಕ್ ನನ್ನ ಬಸ್ಸು ಹತ್ತಲಿಲ್ಲ. ಅರ್ಧ ಗಂಟೆ ಮೊದಲೇ ಎದ್ದು ಸರ್ಕಾರಿ ಬಸ್ಸಿಗೆ ಹೋಗತೊಡಗಿದಳು. ಮೂರನೇ ಸೀಟು ಖಾಲಿ. ಕನ್ನಡಿಯಲ್ಲಿ ಅದನ್ನು ನೋಡಿಕೊಂಡು ಬಸ್ಸು ಓಡಿಸುವಾಗ ನನಗೆ ಅಂಜಿಕೆಯಾಗುತ್ತಿತ್ತು. ಮಗಳು ಇನ್ನು ಯಾವತ್ತೂ ಹತ್ತಲಿಕ್ಕಿಲ್ಲ ಎಂಬ ಅಂಜಿಕೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರಲ್ಲ, ಅದೇ ಮಾತು ದಿನವೂ ತಲೆಯಲ್ಲಿ ತಿರುಗುತ್ತಿತ್ತು.

ಮೇಡಂ ಮೊದಲ ವಾರ ಒಂದು ಹಾಳೆ ಕೊಟ್ಟರು. ಒಂದರಿಂದ ಹತ್ತರವರೆಗೆ ಅಂಕಿ. "ಸಿಟ್ಟು ಬಂದಾಗ ಅದು ಎಷ್ಟನೇ ನಂಬರ್ ಐತಿ ಅಂತ ನಿಮಗ ನೀವ ಹೇಳಿಕೋರಿ. ಐದು ದಾಟಿದ್ರ ಅಲ್ಲಿಂದ ಎದ್ದು ಹೊರಗ ಹೋಗ್ರಿ." ನಾನು ನಕ್ಕೆ. ಆದರೂ ಮನೆಗೆ ಬಂದು ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿದೆ. ಹೆಂಡತಿ ಹುಸೇನಮಾ ಆಗಲಿ, ಮಹೇಕ್ ಆಗಲಿ, ಒಂಬತ್ತು ವರ್ಷದ ಸಣ್ಣವಳು ಫರೀನ್ ಆಗಲಿ, ಅದೇನೆಂದು ಕೇಳಲಿಲ್ಲ.

ಎರಡನೇ ವಾರ ಮೇಡಂ ಕೇಳಿದರು: "ಕಾರು ಅಡ್ಡ ಬಂದ ಕೂಡಲೆ, ಸಿಟ್ಟಿಗಿಂತ ಮೊದಲ ಏನ್ ಆತು?"

"ಏನೂ ಇಲ್ರಿ. ಸಿಟ್ಟ ಬಂತು."

"ಅದಕ್ಕೂ ಮೊದಲ."

ಕಣ್ಣ ಮುಂದೆ ಬಂದದ್ದು ಕಾರಲ್ಲ, ಬ್ರೇಕ್ ತುಳಿದಾಗ ಕನ್ನಡಿಯಲ್ಲಿ ಮಹೇಕ್‌ಳ ತಲೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಲು ಹೋದದ್ದು. "ಅಂಜಿಕಿ ಆತ್ರಿ" ಎಂದೆ. ಹಾಗೆ ಹೇಳಿದ್ದಕ್ಕೇ ಎಡಗಿವಿ ಬಿಸಿಯಾಯಿತು.

ಮೇಡಂ ಆ ದಿನ ಮನೆಗೆಲಸ ಕೊಟ್ಟರು. ಮನೆಯವರನ್ನು ಒಂದೇ ಪ್ರಶ್ನೆ ಕೇಳಬೇಕು: ನನಗೆ ಸಿಟ್ಟು ಬರುವುದು ನಿಮಗೆ ಹೇಗೆ ಗೊತ್ತಾಗುತ್ತದೆ?

ಇದರಲ್ಲೇನು ಮಹಾ ಎನ್ನುತ್ತೀರಿ. ನನಗೆ ಎರಡು ವಾರ ಬಾಯಿ ಬರಲಿಲ್ಲ. ನಾನು ಹೆಂಡತಿ ಮಕ್ಕಳ ಮೇಲೆ ಕೈ ಎತ್ತಿದವನಲ್ಲ, ಅದನ್ನು ಜಂಬದಿಂದ ಊರಿಗೆಲ್ಲ ಹೇಳಿಕೊಂಡಿದ್ದೇನೆ. ಊಟದ ಗಂಗಾಳ ಎಸೆದಿದ್ದೇನೆ, ಬಾಗಿಲು ಒದ್ದಿದ್ದೇನೆ, ಒಂದು ಟಿವಿ ಒಡೆದಿದ್ದೇನೆ. ಹೊರಗೆ ಮಾತ್ರ ಯಾರ ಗಾಡಿ ಕೆಟ್ಟರೂ ಓಡಿಹೋಗಿ ಜಾಕ್ ಹಚ್ಚುವವನು. ಊರಿಗೆ ಉಪಕಾರಿ, ಮನೆಗೆ ಮಾರಿ. ಮೇಡಂಗೆ "ಕೇಳಿದೆ ರೀ, ಎಲ್ಲಾ ಆರಾಮ ಅಂದ್ರು" ಎಂದು ಸುಳ್ಳು ಹೇಳಿದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೊಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಹುಸೇನಮಾಳನ್ನು ಕೇಳಿಯೇಬಿಟ್ಟೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಏನ್ ತಪ್ಪ ಆತ್ರಿ?" ಎಂದಳು.

"ತಪ್ಪಲ್ಲ. ಸುಮ್ನ ಕೇಳಿದೆ."

"ನಮಗೇನ್ ಗೊತ್ತಾಕ್ಕೈತ್ರಿ. ನಮಗೇನೂ ಗೊತ್ತಾಗಂಗಿಲ್ಲ."

ಅವಳ ಮುಖ ಬಿಳುಚಿಕೊಂಡಿತ್ತು. ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ.

ಮರುವಾರ ಗೊತ್ತಾಯಿತು. ಆ ದಿನ ಗ್ಯಾರೇಜಿನಲ್ಲಿ ಮಾತಿಗೆ ಮಾತು ಬೆಳೆದಿತ್ತು. ನಾನು ಮೇಡಂ ಹೇಳಿದ ಹಾಗೆ ಒಂದು ಮಾತೂ ಆಡದೆ ಮನೆಗೆ ಬಂದು ಕಿಟಕಿಯ ಬಳಿ ಕುಳಿತು ಉಸಿರು ಎಣಿಸುತ್ತಿದ್ದೆ. ನನ್ನ ಲೆಕ್ಕಕ್ಕೆ ನಾನು ಭಾರೀ ಸುಧಾರಿಸಿದ ಮನುಷ್ಯ. ಹುಸೇನಮಾ ನನ್ನನ್ನು ಒಮ್ಮೆ ನೋಡಿ ಹಿತ್ತಲಿಗೆ ಹೋದಳು. ಬೇವಿನ ಗಿಡದಿಂದ ಒಂದು ತಪ್ಪಲು ಮುರಿದು ತಂದು, ಮುಂದಿನ ಗೇಟಿನ ಸರಳಿಗೆ ಸಿಕ್ಕಿಸಿ ಒಳಗೆ ಬಂದಳು.

ಅಂಥ ತಪ್ಪಲನ್ನು ನಾನು ಗೇಟಿನಲ್ಲಿ ನೂರು ಸಲ ನೋಡಿದ್ದೆ. ಸೊಳ್ಳೆಗೋ, ಹಲ್ಲುಜ್ಜಲಿಕ್ಕೋ, ಹೆಂಗಸರ ಯಾವುದೋ ನಂಬಿಕೆಗೋ ಇರಬೇಕು ಎಂದುಕೊಂಡಿದ್ದೆ.

ಫರೀನ್ ಟ್ಯೂಷನ್ ಮುಗಿಸಿ ಓಣಿಯಲ್ಲಿ ಕುಣಿಯುತ್ತ ಬಂದಳು. ಗೇಟಿಗೆ ನಾಲ್ಕು ಮಾರು ಇರುವಾಗ ತಪ್ಪಲು ಕಂಡಳು, ಗಕ್ಕನೆ ನಿಂತಳು. ಸಪ್ಪಳವಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಎದುರಿನ ಸಾವಿತ್ರೆವ್ವನ ಮನೆಯ ಕಡೆ ತಿರುಗಿದಳು. ಸಾವಿತ್ರೆವ್ವ ಏನೂ ಕೇಳದೆ ಬಾಗಿಲು ತೆರೆದಳು, ಹುಡುಗಿಯನ್ನು ಒಳಗೆ ಸೇರಿಸಿಕೊಂಡು ನಮ್ಮ ಮನೆಯ ಕಡೆ ನೋಡಿ ಮುಚ್ಚಿದಳು. ತುಂಬ ರೂಢಿಯಾದ ಕೈ.

ನಾನು ಡ್ರೈವರ್. ಆ ತಪ್ಪಲಿನ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಗೇಟಿಗೆ ಹೋಗಿ ಅದನ್ನು ಮುಟ್ಟಿದೆ. ಹುಸೇನಮಾ ತಾಟು ಹಿಡಿದು ಬಾಗಿಲಿಗೆ ಬಂದಳು.

"ಎಷ್ಟ ವರ್ಷ ಆತು?"

"ಫರೀನ್ ಹುಟ್ಟಿದಾಗಿಂದ."

"ಯಾರ ಹೇಳಿಕೊಟ್ರು?"

"ನೀವ ಹೇಳಿದ್ರಿ" ಎಂದಳು, ನೆಲ ನೋಡುತ್ತ. "ನವಿಲುತೀರ್ಥಕ್ಕ ಹೋದಾಗ ನಮ್ಮ ಗಾಡಿ ಕೆಟ್ಟಿತ್ತಲ್ರಿ. ತಪ್ಪಲ ಇಡಬೇಕು, ಹಿಂದ ಬರಾಂವ ತಾನ ಸರದು ಹೋಗತಾನ, ಯಾರಿಗೂ ಪೆಟ್ಟಾಗಬಾರದು ಅಂದ್ರಿ."

ಒಂಬತ್ತು ವರ್ಷ ನನ್ನ ಮಕ್ಕಳು ನನ್ನನ್ನು ತಪ್ಪಿಸಿ ಸುತ್ತು ಬಳಸಿ ಹೋಗಿದ್ದರು. ಓಣಿಗೆಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ದಿನ ನಾನು ಒಂದು ಮಾತೂ ಆಡಿರಲಿಲ್ಲ, ಆದರೂ ಗೇಟಿಗೆ ತಪ್ಪಲು ಬಂದಿತ್ತು. ಹಾಗಾದರೆ ನನ್ನ ಸುಮ್ಮನಿರುವಿಕೆಯೂ ಇವರಿಗೆ ಗುಡುಗಿನ ಮುಂಚಿನ ಮೋಡ.

ಕಿತ್ತೆಸೆಯಬೇಕೆಂದು ಕೈ ಹೋಯಿತು. ಕಿತ್ತರೆ, ಕಾಲೇಜಿನಿಂದ ಇನ್ನೂ ಬಾರದ ಮಹೇಕ್‌ಗೆ ಗೊತ್ತಾಗುವುದಾದರೂ ಹೇಗೆ? "ಇರಲಿ ಬಿಡು" ಎಂದು ಒಳಗೆ ಬಂದೆ.

ಶನಿವಾರ ಮೇಡಂಗೆ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಅವರು ಹಾಳೆಗೀಳೆ ಏನೂ ತೆಗೆಯಲಿಲ್ಲ.

"ಇಮಾಮಹುಸೇನ ಅವರ, ರಸ್ತೆದಾಗ ಗಾಡಿ ಕೆಟ್ರ ಟೊಂಗಿ ಯಾರ ಇಡತಾರ?"

"ಡ್ರೈವರ್ ಇಡತಾನ್ರಿ. ಕೆಟ್ಟ ಗಾಡಿ ಯಾಂವಂದೋ ಅಂವಾ ಇಡಬೇಕು."

ಹೇಳಿದ ಮೇಲೆ ನನ್ನ ಮಾತು ನನಗೇ ಬಡಿಯಿತು.

ಬುಧವಾರ ಸಂಜೆ ಯರಗಟ್ಟಿಯಲ್ಲಿ ಒಬ್ಬ ಹುಡುಗನ ಅಪ್ಪ ಬಸ್ಸಿನ ಬಾಗಿಲಿಗೆ ಬಂದು, ಮಕ್ಕಳೆದುರಿಗೆ, "ಇಂವನ ನೋಡ್ರಿ ನಮ್ಮ ಹುಡುಗೂರನ್ನ ಕೊಲ್ಲಾಕ ಹೊಂಟಿದ್ದಾಂವ" ಎಂದ. ಎಡಗಿವಿ ಕಾದ ಹಂಚಾಯಿತು. ಎಂಟು ಎಂದುಕೊಂಡೆ. ಹಲ್ಲು ಕಚ್ಚಿ ಬಸ್ಸು ತಂದು ನಿಲ್ಲಿಸಿ, ಮನೆಯ ತನಕ ನಡೆದೆ. ಇನ್ನೂ ಏಳು. ಐದು ದಾಟಿದ್ದರೆ ಹೊರಗೆ.

ಗೇಟಿನ ಒಳಗೆ ಹೋಗಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಸುತ್ತಿ ಹೋಗಿ, ಬೇವಿನ ತಪ್ಪಲು ಮುರಿದು ತಂದು ನನ್ನ ಕೈಯಿಂದಲೇ ಗೇಟಿಗೆ ಸಿಕ್ಕಿಸಿದೆ. ಕಿಟಕಿಯಲ್ಲಿ ಹುಸೇನಮಾ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ಫರೀನ್ ಅವಳ ಹಿಂದಿದ್ದಳು. ನಾನು ಓಣಿ ದಾಟಿ ಹೋಗಿ ಸಾವಿತ್ರೆವ್ವನ ಕಟ್ಟೆಯ ಮೇಲೆ ಕುಳಿತೆ.

"ಏನ್ ತಮ್ಮಾ, ಇಲ್ಲಿ?" ಎಂದಳು ಸಾವಿತ್ರೆವ್ವ.

"ಇವತ್ತ ನನಗ ಜಾಗಾ ಕೊಡ ಯವ್ವಾ" ಎಂದೆ. ಮುದುಕಿ ಒಂದು ಚೆಂಬು ನೀರು ತಂದಿಟ್ಟು ಒಳಗೆ ಹೋದಳು.

ಆರೂಕಾಲಿಗೆ ಸರ್ಕಾರಿ ಬಸ್ಸು ಬಂತು. ಮಹೇಕ್ ಓಣಿ ಹೊಕ್ಕಳು. ಗೇಟು ನೋಡಿದಳು, ನಿಂತಳು. ತಲೆ ತಗ್ಗಿಸಿಕೊಂಡೇ ಸಾವಿತ್ರೆವ್ವನ ಮನೆಗೆ ತಿರುಗಿ ಎರಡು ಹೆಜ್ಜೆ ಬಂದು ಕತ್ತೆತ್ತಿದಳು. ಕಟ್ಟೆಯ ಮೇಲೆ ನಾನು. ಹೆಗಲಿನ ಚೀಲ ಕೆಳಗೆ ಜಾರಿತು. ಅಡಗುವ ಜಾಗವೂ ಅಪ್ಪನಿಗೆ ಗೊತ್ತಾಯಿತು, ಇನ್ನು ಎಲ್ಲಿಗೆ ಹೋಗುವುದು? ಅವಳ ಕಣ್ಣಲ್ಲಿ ಇದ್ದದ್ದು ಅಷ್ಟೇ. ಆ ಕಣ್ಣನ್ನು ನಾನು ಸಾಯುವ ತನಕ ಮರೆಯಲಾರೆ.

"ತಪ್ಪಲ ನಾನ ಇಟ್ಟೇನ ಬೇಟಾ" ಎಂದೆ. "ನೀ ಮನಿಗೆ ಹೋಗು. ನಾ ಇಲ್ಲೇ ಕುಂದರತೇನಿ."

ಅವಳು ನನಗೆ ಬೆನ್ನು ಮಾಡದೆ, ಹಿಂದೆ ಹಿಂದೆ ಸರಿಯುತ್ತ ಗೇಟು ಸೇರಿದಳು. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಓಣಿ ದಾಟಿ ನನಗೆ ಕೇಳಿತು.

ಸ್ವಲ್ಪ ಹೊತ್ತಿಗೆ ಕಿಟಕಿ ಒಂದಿಷ್ಟು ತೆರೆಯಿತು, ಮಹೇಕ್‌ಳ ದನಿ. "ಅಬ್ಬಾ, ಎಷ್ಟನೇ ನಂಬರ್ ಐತಿ?"

ಆ ಹಾಳೆಯನ್ನು ಓದಿದ್ದಾಳೆ! ಎರಡು ಎಂದುಬಿಡಲೇ ಅನಿಸಿತು. ಎರಡು ಎಂದರೆ ಬಾಗಿಲು ತೆರೆದಾಳು. ಮೇಡಂಗೆ ಸುಳ್ಳು ಹೇಳಿದ ಬಾಯಿಗೆ ಅದೇನು ದೊಡ್ಡದಲ್ಲ.

"ಆರು" ಎಂದೆ.

ಕಿಟಕಿ ಮುಚ್ಚಿತು. ಇನ್ನು ಅದು ತೆರೆಯುವುದೇ ಇಲ್ಲವೇನೋ ಎಂದು ಅಂಜಿಕೆಯಾಯಿತು. ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಆಜಾನ್ ಆಯಿತು, ನಮ್ಮ ಮನೆಯಲ್ಲಿ ದೀಪ ಹತ್ತಿತು. ನೀರು ಕುಡಿದೆ, ಉಸಿರು ಎಣಿಸಿದೆ. ಮತ್ತೆ ಕಿಟಕಿ.

"ಈಗ?"

"ನಾಕು."

ಮುಚ್ಚಲಿಲ್ಲ. ಸರಳಿನ ಹಿಂದೆ ಅವಳ ಮುಖ ಹಾಗೇ ಇತ್ತು. ಇನ್ನಷ್ಟು ಹೊತ್ತಾದ ಮೇಲೆ ಅವಳು ಕೇಳುವ ಮೊದಲೇ "ಎರಡು" ಎಂದೆ. ನಿಜವಾಗಿಯೂ ಎರಡೇ ಇತ್ತು.

ಚಿಲಕ ಸರಿಯಿತು. ಮಹೇಕ್ ಬಂದು ಗೇಟಿನ ಸರಳಿನಿಂದ ತಪ್ಪಲನ್ನು ಎಳೆದಳು. ಅದನ್ನು ಕೈಯಲ್ಲೇ ಹಿಡಿದುಕೊಂಡು, "ಒಳಗ ಬರ್ರಿ ಅಬ್ಬಾ, ರೊಟ್ಟಿ ಆರತಾವ" ಎಂದಳು.

ಎದ್ದು ನಿಂತೆ. ನಾನು ಎದ್ದ ಕೂಡಲೇ ಅವಳು ತನಗೆ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು.

ನಾನದನ್ನು ನೋಡಿದೆ. ನೋಡಿದ್ದು ಅವಳಿಗೂ ಗೊತ್ತಾಯಿತು.

"ನೀವು ಉಣ್ರಿ" ಎಂದೆ, ಮತ್ತೆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತ. "ನಾ ಇನ್ನೊಂದೀಟ ಹೊತ್ತ ಇಲ್ಲೇ ಕುಂದರತೇನಿ."