ಸೌಮ್ಯ ಕೈ ತೊಳೆದ ನೀರು

ನನ್ನ ತಂಗಿ ಕೈ ತೊಳೆದ ನೀರನ್ನು ಜನ ಚೊಂಬಿನಲ್ಲಿ ಹಿಡಿದುಕೊಂಡು ಹೋಗುವುದನ್ನು ಮೊದಲ ಸಲ ಕಂಡಾಗ ನಾನು ಮೂಗು ಮುಚ್ಚಿಕೊಂಡೆ. ಬ್ಲೀಚಿಂಗ್ ಪುಡಿಯ ಗಬ್ಬು ಹೊಡೆಯುವ ಆ ನೀರಿನಲ್ಲಿ ಅವಳ ಬೆರಳ ಸಂದಿಯಿಂದ ಒಸರಿದ ರಕ್ತವೂ ಇತ್ತು. ಪಕ್ಕದ ಮನೆಯ ರಂಗಕ್ಕ ಅದನ್ನು ತನ್ನ ಹುಳದ ಮನೆಯ ಹೊಸ್ತಿಲಿಗೆ ಚಿಮುಕಿಸಿ, ಮಿಕ್ಕಿದ್ದನ್ನು ಬಾಗಿಲ ಚೌಕಟ್ಟಿಗೆ ಸವರಿದಳು. ಸೌಮ್ಯಳ ಕೈಗುಣ ಇದ್ದ ಕಡೆ ರೇಷ್ಮೆ ಹುಳ ಸಾಯುವುದಿಲ್ಲ ಎಂದು ನಮ್ಮೂರು ನಂಬಿತ್ತು. ಥೂ, ನಂಬಿಕೆಗೂ ಒಂದು ಮಾನ ಮರ್ಯಾದೆ ಬೇಡವೇ!

ನಮ್ಮೂರು ಗುಡಿಬಂಡೆಯ ಹತ್ತಿರ. ಬೋರ್‌ವೆಲ್ ಇದ್ದವರೆಲ್ಲ ಹಿಪ್ಪುನೇರಳೆ ಹಾಕಿ ಹುಳ ಸಾಕುತ್ತಾರೆ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರು ಕೂಡ ಸುಣ್ಣ ತುಳಿದು, ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆದೇ ಒಳಗೆ ಹೋಗಬೇಕು. ಅದು ಸರಿಯೇ, ಹುಳಕ್ಕೆ ರೋಗ ಬಿದ್ದರೆ ಇಡೀ ಬೆಳೆ ಕೊಳೆತು ನಾರುತ್ತದೆ. ಆದರೆ ಒಂದು ಸಲ ತೊಳೆದರೆ ಸಾಕು. ಸೌಮ್ಯಳಿಗೆ ಆ ಒಂದು ಸಲ ಮುಗಿಯುತ್ತಲೇ ಇರಲಿಲ್ಲ.

ಒಂದು ವರ್ಷ ಹುಳಕ್ಕೆ ಹಾಲುತೊಂಡೆ ರೋಗ ಬಂದು, ಬುಟ್ಟಿಗಟ್ಟಲೆ ಎತ್ತಿ ತಿಪ್ಪೆಗೆ ಸುರಿದಿದ್ದೆವು. ಅವಳಿಗೆ ಹಿಡಿದುಕೊಂಡದ್ದು ಅಲ್ಲಿಂದ. ತನ್ನ ಕೈಯಲ್ಲಿ ಏನೋ ಅಂಟಿದೆ, ಅದರಿಂದ ಹುಳ ಸಾಯುತ್ತದೆ, ಅಪ್ಪ ಸಾಯುತ್ತಾನೆ, ತಮ್ಮ ನರೇಶ್ ಸಾಯುತ್ತಾನೆ ಎಂಬ ಭಯ. ತೊಳೆಯುವಳು, "ಕಿಲೀನಾಯ್ತೇನಮ್ಮ?" ಎಂದು ಕೇಳುವಳು. ಅಮ್ಮ ನರಸಮ್ಮ "ಆಯ್ತು ಕಣಮ್ಮಿ" ಎನ್ನುವಳು. ಮತ್ತೆ ತೊಳೆಯುವಳು, ಮತ್ತೆ ಕೇಳುವಳು. ಅಂಗೈ ಬಿರಿದು ಕೀವು ಕಟ್ಟಿ, ಮುದ್ದೆ ಮುರಿಯಲೂ ಆಗದ ಹಾಗಾಯಿತು. ಅಷ್ಟರಲ್ಲಿ ಎರಡು ಮೂರು ಬೆಳೆ ಚೆನ್ನಾಗಿ ಬಂದವು. ಊರು ಅವಳ ಹುಣ್ಣಿಗೆ ಕೈಗುಣ ಎಂದು ಹೆಸರಿಟ್ಟು ಕುಪ್ಪಸದ ಕಣ ಕೊಟ್ಟಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಾನು ಹೇಮಶ್ರೀ, ಅವಳ ಅಕ್ಕ. ಮದುವೆಯಾಗಿ ರಾಯದುರ್ಗದಲ್ಲಿದ್ದೇನೆ. ಗಂಡ ಈಶ್ವರ್ ಜೀನ್ಸ್ ಬಟ್ಟೆ ಕತ್ತರಿಸುತ್ತಾನೆ, ನಾನು ಅದೇ ಶೆಡ್ಡಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುತ್ತೇನೆ. ತಂಗಿಯ ಕಾಯಿಲೆಗೆ ಗೀಳು ರೋಗ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಆ ಶೆಡ್ಡಿನಲ್ಲಿ ಇಸ್ತ್ರಿ ಮಾಡುವ ಮೈಲಾರಮ್ಮನಿಂದ. ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಅವಳು ಒಂದು ಕಾಲದಲ್ಲಿ ಅರ್ಧ ದಾರಿಯಿಂದ ಓಡಿ ಬರುತ್ತಿದ್ದಳಂತೆ, ಮತ್ತೆ ಮತ್ತೆ. ಮಾತ್ರೆಯಿಂದಲೂ ಅಭ್ಯಾಸದಿಂದಲೂ ಹಿಡಿತಕ್ಕೆ ತಂದುಕೊಂಡವಳು, ಈಗ ಭಾನುವಾರ ಖಾಲಿ ಶೆಡ್ಡಿನಲ್ಲಿ ಇಂಥ ತೊಂದರೆ ಇರುವವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾಳೆ. ಆಗಾಗ ಒಬ್ಬ ನರ್ಸಮ್ಮ ಬಂದು ತಿಳಿಸಿ ಹೇಳುತ್ತಾರೆ. ಗೀಳು ಕೇಳಿದ್ದನ್ನು ಕೊಡುತ್ತಾ ಹೋದರೆ ಅದು ಬಲಿಯುತ್ತದೆ, ಕೊಡದೆ ಕೂತರೆ ಕಳವಳ ಏರಿ ತಾನಾಗಿ ಇಳಿಯುತ್ತದೆ ಎನ್ನುವುದು ಅಲ್ಲಿ ಕಲಿತ ಪಾಠ.

ಸೌಮ್ಯಳನ್ನು ಅನಂತಪುರದ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಹತ್ತಲು ವಾರಗಳೇ ಬೇಕು, ಒಂದು ದಿನವೂ ಬಿಡಬಾರದು ಎಂದರು. ಕೆಲವು ತಿಂಗಳಲ್ಲಿ, ನಾನು ಊರಿಗೆ ಹೋದಾಗ, ಅವಳು ನಮ್ಮ ಜೊತೆ ಕೂತು ನಗುತ್ತಾ ಊಟ ಮಾಡಿದಳು. ಆಮೇಲೆ ಮತ್ತೆ ಮೊದಲಿನ ಹಾಗಾಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಚೇತರಿಸಿಕೊಂಡಳು, ಮತ್ತೆ ಕುಸಿದಳು. ಯಾಕೆಂದು ಡಾಕ್ಟರಿಗೂ ತಿಳಿಯಲಿಲ್ಲ. ತಿಳಿದದ್ದು ನಾನು ಊರಿಗೆ ಹೋಗಿ ಅಮ್ಮನನ್ನು ಕೇಳಿದಾಗ.

"ಡಾಕ್ಟ್ರತ್ರ ಓಗ್ಬಂದಾಗೆಲ್ಲ ಒಂದೆರಡು ತಿಂಗ್ಳು ದಿನಾ ಕೊಡ್ತೀನಿ, ಆಮ್ಯಾಕೆ ಹುಳ ಮನೇಲಿರೋವಾಗ ಮಾತ್ರೆ ಕೊಡಲ್ಲ ಕಣಮ್ಮಿ," ಎಂದಳು ಅಮ್ಮ, ಸೊಪ್ಪು ಬಿಡಿಸುತ್ತಾ. "ಅದು ನುಂಗುದ್ರೆ ಅವ್ಳು ಸರ್ಯಾಗಿ ತೊಳೆಯಲ್ಲ. ಗೂಡು ಮಾರ್ಕೆಟ್ಟಿಗೆ ಓದ್ಮೇಲೆ ಕೊಡ್ತೀನಲ್ಲ. ಕೊಡೋದೇ ಇಲ್ಲ ಅಂದ್ನಾ?"

ಸಾರಿಗೆ ಉಪ್ಪು ಯಾವಾಗ ಹಾಕುತ್ತೇನೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಬೋರ್‌ವೆಲ್ ತೋಟ, ಒಂದು ಬೆಳೆಯ ಹಿಂದೆ ಇನ್ನೊಂದು. ನಡುವೆ ಸಿಗುವ ನಾಲ್ಕು ದಿನ ನುಂಗುವ ಮಾತ್ರೆ ಯಾರ ಹೊಟ್ಟೆಗೆ? ಅಪ್ಪ ಚಿಕ್ಕತಿಮ್ಮಯ್ಯ ಎಲೆ ಅಡಿಕೆ ಅಗಿಯುತ್ತಾ, "ಈ ಬೆಳೆ ಒಂದು ಕೈಗತ್ಲಿ, ಆಮ್ಯಾಕೆ ನೋಡಾನ," ಎಂದ. ಹೆತ್ತವರ ಮೇಲೆ ಸಿಟ್ಟು ಬರುವುದು ಹೊಸದಲ್ಲ. ಅವತ್ತು ಬಂದದ್ದು ಅಸಹ್ಯ. ಅವರು ಬಡಿಸಿದ ತಟ್ಟೆಯನ್ನು ಅತ್ತ ಸರಿಸಿದೆ. ನಾನು ಬೈದೆ, ಅತ್ತೆ, ಕೂಗಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಮುಂದಿನ ಭಾನುವಾರ ಮೈಲಾರಮ್ಮನನ್ನೇ ಕರೆದುಕೊಂಡು ಹೋದೆ. ಹುಳ ಕೊನೆಯ ಸಲ ಪೊರೆ ಕಳಚಿ ಜ್ವರದಿಂದ ಎದ್ದು, ಹಸಿದು ಸೊಪ್ಪಿಗೆ ಬಾಯಿ ಬಿಡುತ್ತಿದ್ದ ಸಮಯ. ಹೊರಗಿನವರೆಂದು ನಮ್ಮನ್ನು ಜಗಲಿಯಲ್ಲೇ ಕೂರಿಸಿದರು. ಬಂದವರನ್ನು ನೋಡಲು ಹೆಂಗಸರು ನೆರೆದರು. ರಂಗಕ್ಕ ಚೊಂಬು ಮರೆಯದೆ ತಂದಿದ್ದಳು.

"ಯವ್ವಾ, ಕೈ ತೊಳದ್ರ ಹುಳ ಬದುಕ್ತಾವ, ಖರೇನ," ಎಂದಳು ಮೈಲಾರಮ್ಮ. "ಒಂದ್ ಸಲ ತೊಳದ್ರ ಸಾಕ್ರಿ. ಈ ಹುಡುಗಿ ಹುಳದ ಸಲುವಾಗಿ ತೊಳ್ಯಾಕ ಹತ್ತಿಲ್ಲ, ಅಂಜಿಕಿಗೆ ತೊಳ್ಯಾಕತ್ಯಾಳ. ಅದು ರೋಗ. ಅದಕ್ಕ ಮಾತ್ರಿ ಐತಿ, ನಡುವ ನಿಲ್ಲಿಸಿದ್ರ ಮೊದಲಿಂದ ಶುರು ಮಾಡಬೇಕು."

"ರೋಗ ಇದ್ದೋಳ ಕೈಲಿ ಬೆಳೆ ಇಂಗೆ ಬತ್ತದಾ?" ಎಂದು ರಂಗಕ್ಕ ಮೂಗು ಮುರಿದಳು.

ಸೌಮ್ಯ ಬಾಗಿಲಿಗೆ ಬಂದಳು. ಎರಡೂ ಕೈಗಳನ್ನು ಎಲ್ಲಿಗೂ ತಾಗಿಸದೆ ಎದೆಯ ಮುಂದೆ ಎತ್ತಿ ಹಿಡಿದಿದ್ದಳು. ಮೈಲಾರಮ್ಮ ಬಸ್ಸಿನ ಧೂಳು ಹತ್ತಿದ್ದ ತನ್ನ ಕೈ ಚಾಚಿದಳು. "ಬಾ ತಂಗಿ, ಹಿಡ್ಕ. ಅಂಜಿಕಿ ಏರ್ತೈತಿ, ಏರ್ಲಿ. ತೊಳಿಬ್ಯಾಡ. ನಾ ಇಲ್ಲೇ ಅದೀನಿ, ಇಳಿಯೋತನ ಕುಂದ್ರೂನು."

ಸೌಮ್ಯ ಬಹಳ ಹೊತ್ತು ನಿಂತಳು. ಕೊನೆಗೆ ಬಂದು ಕೂತು ಆ ಕೈ ಹಿಡಿದಳು. ಹಣೆಯಿಂದ ಬೆವರಿಳಿಯಿತು. "ನನ್ನಿಂದ ಹುಳ ಸತ್ತೋದ್ರೆ?" ಎಂದು ಅಮ್ಮನ ಕಡೆ ನೋಡಿದಳು. ಅಮ್ಮ ಬಾಯಿ ತೆರೆದಳು.

"ಸಾಯಂಗಿಲ್ಲ ಅನಬ್ಯಾಡ್ರಿ," ಎಂದು ಮೈಲಾರಮ್ಮ ತಡೆದಳು. "ನೀವು ಹೇಳಿದಷ್ಟೂ ಮತ್ತ ಕೇಳ್ತಾಳ."

ಸೌಮ್ಯ ಅಳುತ್ತಾ, ಆದರೂ ಕೈ ಬಿಡದೆ ಕೂತಳು. ನಿಧಾನಕ್ಕೆ ಉಸಿರು ಹದಕ್ಕೆ ಬಂತು. ಅವಳ ಮುಖ ಸಡಿಲಾಗುವುದನ್ನು ನಾನು ಕಣ್ಣಾರೆ ಕಂಡೆ. ಆಗಲೇ ಸೊಪ್ಪು ಹಾಕುವ ಹೊತ್ತಾಯಿತೆಂದು ಅಮ್ಮ ಬ್ಲೀಚಿಂಗ್ ನೀರಿನ ಬೋಗುಣಿ ತಂದು ಅವಳ ಮುಂದಿಟ್ಟಳು. "ಒಂದೇ ಒಂದ್ಸಲ ತೊಳ್ಕಂಡು ಒಳಕ್ಕೆ ಬಾ ನನ್ನವ್ವ. ಹುಳ ಅಸ್ಕಂಡವೆ."

ಸೌಮ್ಯ ಬೋಗುಣಿಯನ್ನು ನೋಡಿದಳು. ಬೆರಳುಗಳು ತಾವಾಗಿಯೇ ಆ ಕಡೆ ಹೋಗುತ್ತಿದ್ದವು. ಒಂದು ಸಲ ಮುಳುಗಿಸಿದರೆ ಮತ್ತೆ ಮೇಲೇಳಳು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಒಂದ್ಸಲಕ್ಕೆ ನಿಲ್ಸಾಕೆ ನನ್ಗಾಗಲ್ಲಮ್ಮ," ಎಂದಳು. "ತೊಳೀದೆ ಒಳಕ್ಕೆ ಬಂದ್ರೆ ಹುಳಕ್ಕೆ ಕೇಡು. ಅದ್ಕೇ ನಾನು ಒಳಕ್ಕೇ ಬರಲ್ಲ. ನೀನೇ ಸೊಪ್ಪಾಕು."

ಅಮ್ಮ ಬೋಗುಣಿಯನ್ನು ಇನ್ನಷ್ಟು ಅವಳ ಹತ್ತಿರಕ್ಕೆ ತಳ್ಳಿದಳು. ರಂಗಕ್ಕ ಆಗಲೂ ಚೊಂಬು ಮುಂದೆ ಮಾಡಿ, "ಬೆರಳಾದ್ರೂ ಅದ್ದಮ್ಮ, ತಗಂಡೋಗ್ತೀನಿ," ಎಂದಳು. ನಾನು ಬೋಗುಣಿ ಎತ್ತಿ ಮೋರಿಗೆ ಸುರಿದೆ. ಹಾಲು ಚೆಲ್ಲಿಹೋದಂತೆ ರಂಗಕ್ಕ "ಅಯ್ಯಯ್ಯೋ" ಎಂದಳು. ಸಂಜೆಯ ಬಸ್ಸಿಗೆ ಸೌಮ್ಯಳನ್ನು ರಾಯದುರ್ಗಕ್ಕೆ ಕರೆದುಕೊಂಡು ಬಂದೆ.

ಬಂದ ಕೂಡಲೇ ವಾಸಿಯಾದಳೆಂದು ಕತೆ ಕಟ್ಟುವುದಿಲ್ಲ. ಬಣ್ಣದ ನೀರು ಹರಿಯುವ ನಮ್ಮ ಬೀದಿಯ ಚರಂಡಿ ನೋಡಿ ವಾರಗಟ್ಟಲೆ ಹೊರಗೆ ಕಾಲಿಡಲಿಲ್ಲ. ನಲ್ಲಿ ಹಿಡಿದು ನನ್ನೊಂದಿಗೆ ಜಗಳವಾಡಿದಳು. ಆದರೆ ಮಾತ್ರೆ ಒಂದು ದಿನವೂ ತಪ್ಪಲಿಲ್ಲ, ಭಾನುವಾರದ ಕೂಟವೂ ತಪ್ಪಲಿಲ್ಲ. ಅಲ್ಲಿ ಕೈಗುಣದ ಮಾತೆತ್ತದೆ ಅವಳನ್ನು ಬರೀ ಸೌಮ್ಯ ಎಂದು ಕರೆದರು.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಅಮ್ಮನ ಫೋನ್ ಬಂತು. ಸೌಮ್ಯಳೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅಮ್ಮನಿಗೆ ಸಂತೋಷವೋ ಸಂತೋಷ.

"ಗೂಡು ಚಿನ್ನದಂಗೆ ಬಂದವೆ ಕಣೇ ಹೇಮಾ! ನಾನೂ ನಿಮ್ಮಪ್ಪನೂ ಒಂದ್ಸಲ ಕೈ ತೊಳ್ಕಂಡು ಓಗಿ ಸೊಪ್ಪಾಕಿದ್ವಿ, ಅಷ್ಟೇಯ. ಒಂದು ಹುಳಾನೂ ಕೆಡಲಿಲ್ಲ. ಮುಂದಿನ ಬೆಳೆಗೆ ಎಳೇ ಚಾಕಿ ಹುಳ ತರೋ ಒತ್ಗೆ ಸೌಮ್ಯನ ಕಳ್ಸು. ಅವಳ ಕೈಗುಣಾನೇ ಬ್ಯಾರೆ."

ತಾನು ಹೇಳಿದ್ದೇನು ಎಂದು ಅವಳಿಗೆ ತಿಳಿಯಲೇ ಇಲ್ಲ. ನನಗೆ ಮೈಯೆಲ್ಲ ಹೇಸಿ ಹೋಯಿತು. ಸೌಮ್ಯ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. ಹುಣ್ಣು ಮಾಗಿದ ಕಡೆ ಎಳೆಯ ಚರ್ಮ ಬಂದಿತ್ತು. ಫೋನ್ ಎತ್ತಿಕೊಂಡಳು.

"ಒಂದ್ಸಲ ತೊಳ್ದಿದ್ಕೇ ಬೆಳೆ ಬಂತೇನಮ್ಮ?"

"ಹೂ ಕಣಮ್ಮಿ, ಒಂದೇ ಸಲ."

"ಅಂಗಾರೆ ನನ್ ಕೈ?"

ಅಮ್ಮ ಮಾತು ತಿರುಗಿಸಿ, "ಉಣ್ಣಾಕಿಕ್ಕಂಡ್ಯಾ?" ಎಂದಳು.

ಸೌಮ್ಯ ಫೋನನ್ನು ನನ್ನ ಕೈಗೆ ಕೊಟ್ಟಳು. "ನೀನೇ ಹೇಳಕ್ಕ, ನಾನು ಬರಲ್ಲ ಅಂತ," ಎಂದಳು.